ಬಿಗಿಯಾಗಿ ತುಳಿದ ಉಪ್ಪಿನ ಚೀಲ

ನಮ್ಮ ವಿಮಾನ ನಿವೃತ್ತಿಯಾಗುತ್ತದೆ ಎಂಬ ಸುದ್ದಿ ನನಗೆ ತಿಳಿದದ್ದು ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ, ಕಾವಲಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಸೀನುತ್ತಿದ್ದಾಗ. ಹಾವೇರಿಯ ಮಾಜಿ ಸೈನಿಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಎರಡು ಪಂಖದ, ಹೊಟ್ಟೆ ದಪ್ಪನೆಯ, ಹಿಂದಿನಿಂದ ಬಾಯಿ ತೆರೆಯುವ ಆ ಸಾಮಾನು ವಿಮಾನದ ಫೋಟೊ, ಅದರ ಕೆಳಗೆ ಸೆಲ್ಯೂಟ್ ಎಂಬ ಒಂದು ಪದ. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಮುಗಿದವರಲ್ಲಿ ಮುಕ್ಕಾಲು ಜನ ಆ ವಿಮಾನವನ್ನು ಹತ್ತಿರದಿಂದ ನೋಡಿದವರೂ ಅಲ್ಲ. ಬೆಳಗಾದರೆ ಗುಡ್ ಮಾರ್ನಿಂಗಿನ ಗುಲಾಬಿ ಹೂವಿಗೂ ಕೈಮುಗಿಯುವ ಮಂದಿ.

ನಮ್ಮ ವಿಮಾನ ಎಂದೆನಲ್ಲ, ಹಾಗೆನ್ನಲು ನನಗೂ ಹಕ್ಕಿಲ್ಲ. ನಾನು ಪೈಲಟ್ ಅಲ್ಲ, ಮೆಕ್ಯಾನಿಕ್ ಅಲ್ಲ, ವಾಯುಪಡೆಯವನೇ ಅಲ್ಲ. ಭೂಸೇನೆಯ ಸರಬರಾಜು ವಿಭಾಗದಲ್ಲಿ ಸಿಪಾಯಿಯಾಗಿದ್ದವನು. ರಸ್ತೆಯಿಲ್ಲದ ಹಿಮದ ಬೆಟ್ಟಗಳ ಮೇಲೆ ನಮ್ಮವರ ಪೋಸ್ಟುಗಳಿದ್ದವು. ಅಲ್ಲಿಯವರಿಗೆ ಅಕ್ಕಿ, ಬೇಳೆ, ಹಿಟ್ಟು, ಉಪ್ಪನ್ನು ಚೀಲಕ್ಕೆ ತುಂಬುವುದು, ಚೀಲವನ್ನು ವಿಮಾನದಲ್ಲಿ ಪೇರಿಸುವುದು, ಮೇಲೆ ಹೋದಾಗ ಗಂಟೆ ಹೊಡೆದ ತಕ್ಷಣ ಹಿಂದಿನ ಬಾಗಿಲಿನಿಂದ ಕೆಳಕ್ಕೆ ನೂಕುವುದು, ಇದು ನನ್ನ ಕೆಲಸ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ವಿಮಾನಕ್ಕೆ ಕಟ್ಟಿ, ತೆರೆದ ಬಾಯಿಯ ಅಂಚಿನಲ್ಲಿ ನಿಲ್ಲುತ್ತಿದ್ದೆವು. ನೌಕರಿಯ ಹೆಚ್ಚುಕಡಿಮೆ ಎಲ್ಲ ವರ್ಷಗಳೂ ಅಲ್ಲೇ ಕಳೆದವು. ಎಡಗಿವಿಯನ್ನು ನಾನು ಅಲ್ಲಿಯೇ ಬಿಟ್ಟು ಬಂದೆ. ಈಗ ಯಾರಾದರೂ ಎಡಗಡೆಯಿಂದ ಮಾತಾಡಿಸಿದರೆ ಸುಮ್ಮನೆ ನಗುತ್ತೇನೆ. ಜನ ನನ್ನನ್ನು ಒಳ್ಳೆಯ ಸ್ವಭಾವದವನೆಂದು ತಿಳಿದಿದ್ದಾರೆ.

ಟೀವಿಯಲ್ಲಿ ಪೈಲಟ್ಟುಗಳನ್ನು ಮಾತಾಡಿಸಿದರು. ಮೆಕ್ಯಾನಿಕ್ಕುಗಳನ್ನೂ ಮಾತಾಡಿಸಿದರು. ಚೀಲ ನೂಕಿದವನನ್ನು ಯಾರು ಕೇಳುತ್ತಾರೆ? ಮದುವೆಯಲ್ಲಿ ಪಾತ್ರೆ ತೊಳೆದವನ ಫೋಟೊ ಆಲ್ಬಮ್ಮಿನಲ್ಲಿ ಇರುವುದಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಮುಚ್ಚಿಡುವುದೇನಿಲ್ಲ.

ಆದರೂ ಸುದ್ದಿಯನ್ನು ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಗೇಟಿನಲ್ಲಿ ಮೆಣಸಿನಕಾಯಿ ಲಾರಿಯೊಂದು ನಿಂತಿತ್ತು. ಡ್ರೈವರನಿಗೆ ಫೋಟೊ ತೋರಿಸಿ, "ಈ ವಿಮಾನ ಬಂದ್ ಮಾಡಾಕತ್ತಾರ ನೋಡು" ಎಂದೆ. ಅವನು ನೋಡಿ, "ಟಿಕೆಟ್ ತುಟ್ಟಿ ಆಗಿರಬೇಕ ಬಿಡ್ರಿ" ಎಂದು ಗಾಡಿ ಒಳಗೆ ತೆಗೆದುಕೊಂಡು ಹೋದ.

ಹೆಂಡತಿಗೆ ಫೋನು ಮಾಡಿದೆ. ಅವಳು ರಾಣೇಬೆನ್ನೂರಿನಲ್ಲಿ ಮಗಳ ಮನೆಯಲ್ಲಿ ಇರುತ್ತಾಳೆ. ಮೊಮ್ಮಗುವನ್ನು ನೋಡಿಕೊಳ್ಳಲು ಮೂರು ತಿಂಗಳಿಗೆಂದು ಹೋದವಳು, ಮಗು ಶಾಲೆಗೆ ಹೋಗುವ ಹಾಗಾದರೂ ಬಂದಿಲ್ಲ. ನಮ್ಮಲ್ಲಿ ಜಗಳವಿಲ್ಲ. ನಾನು ವರ್ಷಕ್ಕೆ ಎರಡು ತಿಂಗಳ ಗಂಡನಾಗಿದ್ದೆ. ಅಷ್ಟಕ್ಕೆ ಅವಳು ಒಗ್ಗಿದ್ದಳು, ನಾನೂ ಒಗ್ಗಿದ್ದೆ. ನಿವೃತ್ತನಾಗಿ ಬಂದು ದಿನಾಲು ಮನೆಯಲ್ಲಿ ಕುಳಿತ ಮೇಲೆ, ನಾನು ಚಹಾದ ಕಪ್ಪು ಇಟ್ಟ ಜಾಗವೂ ಅವಳಿಗೆ ಅಡ್ಡಿಯಾಗತೊಡಗಿತು. ರಜೆ ಮುಗಿಯದ ನೆಂಟನಂತೆ ನಾನು ಮನೆ ತುಂಬ ಓಡಾಡುತ್ತಿದ್ದೆ. ಅವಳು ಹೋದ ಮೇಲೆ ಇಬ್ಬರಿಗೂ ಹಗುರವಾಯಿತು ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ.

"ವಿಮಾನ ರಿಟೈರ್ ಆಗಾಕತ್ತೈತಿ" ಎಂದೆ.

"ಹೌದೇನ್ರಿ? ಪಾಪ" ಎಂದಳು. ಆಮೇಲೆ, "ಬಿ.ಪಿ. ಗುಳಿಗಿ ತೊಗೊಂಡ್ರಿಲ್ಲೋ?" ಎಂದಳು.

ಅವಳ ತಪ್ಪೇನಿದೆ? ವಿಮಾನದ ಬಗ್ಗೆ ನಾನು ಅವಳಿಗೆ ಎಂದೂ ಏನೂ ಹೇಳಿದವನಲ್ಲ. ಹೇಳಲು ಹೊರಟರೆ ಒಂದು ದಿನದ ಸಂಗತಿಯನ್ನೂ ಹೇಳಬೇಕಾಗುತ್ತಿತ್ತು. ಆ ದಿನಕ್ಕೆ ಹೆದರಿ ಎಲ್ಲ ದಿನಗಳನ್ನೂ ನುಂಗಿಕೊಂಡಿದ್ದೆ.

ಆ ಸಂಗತಿ ಹೇಳುವ ಮುಂಚೆ ನನ್ನ ಅಪ್ಪನ ಕೆಲಸ ಹೇಳಬೇಕು. ಅಪ್ಪ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹಮಾಲ. ಮೆಣಸಿನಕಾಯಿ ಚೀಲ ತುಳಿಯುವುದರಲ್ಲಿ ಅವನದು ಎತ್ತಿದ ಕೈ, ಅಥವಾ ಎತ್ತಿದ ಕಾಲು ಎನ್ನಬೇಕು. ಒಣಗಿದ ಬ್ಯಾಡಗಿ ಕಾಯಿಯೆಂದರೆ ಸುಕ್ಕು ಮತ್ತು ಗಾಳಿ. ಹಾಗೆಯೇ ತುಂಬಿದರೆ ಚೀಲ ಮನೆಯಷ್ಟಾಗುತ್ತದೆ, ತೂಕ ಇರುವುದಿಲ್ಲ. ಅದಕ್ಕೇ ಚೀಲದೊಳಗೆ ಮನುಷ್ಯ ಇಳಿದು, ಮೂಗಿಗೆ ವಸ್ತ್ರ ಕಟ್ಟಿಕೊಂಡು, ಕಾಯಿ ಮುರಿಯದ ಹಾಗೆ ಹಿಮ್ಮಡಿಯಿಂದ ಅದುಮಿ ಅದುಮಿ ತುಂಬಬೇಕು. ಅಪ್ಪ ತುಳಿದ ಚೀಲವನ್ನು ಬೆರಳಿನಿಂದ ಬಡಿದರೆ ಹಲಗೆ ಬಡಿದ ಸದ್ದು ಬರುತ್ತಿತ್ತು. ನನಗೂ ಅದನ್ನೇ ಕಲಿಸಿದ. "ಚೀಲಾ ಸಡ್ಲ ಬಿಟ್ಟಾಂವ ಮನಿ ಬಾಗ್ಲಾನೂ ತಗದಿಟ್ಟ ಹೋಗ್ತಾನ" ಎನ್ನುತ್ತಿದ್ದ.

ಸೇನೆಯಲ್ಲಿ ಚೀಲ ತುಂಬಲು ಹಾಕಿದಾಗ ನಾನು ಮನಸ್ಸಿನಲ್ಲೇ ನಕ್ಕೆ. ಮೀನಿಗೇ ಈಜು ಕಲಿಸುತ್ತಾರೆ ಎಂದುಕೊಂಡೆ. ಆದರೆ ಅಲ್ಲಿಯ ಕ್ರಮ ಪೂರಾ ಉಲ್ಟಾ. ಪ್ಯಾರಾಶೂಟ್ ಇಲ್ಲದೆ ಮೇಲಿಂದ ಬೀಳುವ ಚೀಲಕ್ಕೆ ಎರಡು ಪದರ ಇರಬೇಕು. ಒಳಚೀಲ ಮುಕ್ಕಾಲು ಮಾತ್ರ ತುಂಬಬೇಕು, ಹೊರಚೀಲ ಇನ್ನೂ ದೊಗಳೆ. ಬಿದ್ದ ಪೆಟ್ಟಿಗೆ ಒಳಗಿನದು ಹರಿದರೂ ಹೊರಗಿನದು ಹಿಡಿದುಕೊಳ್ಳುತ್ತದೆ. ಗಟ್ಟಿ ತುಂಬಿದ್ದು ನೆಲಕ್ಕೆ ತಾಗಿದ ಕೂಡಲೇ ಸಿಡಿಯುತ್ತದೆ. ಹವಾಲ್ದಾರರು ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ, ಹಾಗೆಯೇ ತುಂಬುತ್ತಿದ್ದೆ. ಆದರೆ ಸಡಿಲ ಚೀಲಕ್ಕೆ ಹೊಲಿಗೆ ಹಾಕುವಾಗಲೆಲ್ಲ ಕಳ್ಳಕೆಲಸ ಮಾಡಿದ ಹಾಗೆ ಅನ್ನಿಸುತ್ತಿತ್ತು.

ಇದು ಮೂವತ್ತು ವರ್ಷದ ಹಿಂದಿನ ಮಾತು. ಚಳಿಗಾಲ ಹತ್ತಿರ ಬಂದಿತ್ತು. ಎಲ್ಲಕ್ಕಿಂತ ಮೇಲಿನ ಒಂದು ಪೋಸ್ಟಿಗೆ ಆ ವರ್ಷದ ಕೊನೆಯ ಸರಬರಾಜು. ಅದಾದ ಮೇಲೆ ಹವೆ ಕೆಟ್ಟರೆ ವಾರಗಟ್ಟಲೆ ವಿಮಾನ ಹೋಗುವ ಹಾಗಿಲ್ಲ. ಉಪ್ಪಿಗೆ ಕೊಟ್ಟಿದ್ದು ಆರು ಚೀಲದ ಜಾಗ ಮಾತ್ರ. ಅಷ್ಟು ಜನ, ಅಷ್ಟು ದಿನ, ಇಷ್ಟೇ ಉಪ್ಪು ಸಾಕಾಗುತ್ತದೆಯೇ ಎಂದು ಯೋಚಿಸಿದೆ. ಯಾರೂ ಇರಲಿಲ್ಲ. ಬೂಟು ಕಳಚಿದೆ. ಉಪ್ಪಿಗೆ ಕಾಲು ತಾಗದ ಹಾಗೆ ಮೇಲೊಂದು ಹೊಸ ಗೋಣಿ ಹಾಸಿ, ಚೀಲಕ್ಕೆ ಇಳಿದು ಹಿಮ್ಮಡಿಯಿಂದ ಅದುಮಿದೆ. ಉಪ್ಪು ಮೆಣಸಿನಕಾಯಿಯಷ್ಟು ತಗ್ಗುವುದಿಲ್ಲ, ಆದರೂ ತುಳಿದರೆ ಕೂರುತ್ತದೆ. ಒಂದೊಂದು ಚೀಲಕ್ಕೂ ಎರಡೆರಡು ಬೊಗಸೆ ಹೆಚ್ಚು ಹಿಡಿಯಿತು. ಗೋಣಿ ತೆಗೆದು ಹೊಲಿಗೆ ಹಾಕಿ ಬೆರಳಿನಿಂದ ಬಡಿದು ನೋಡಿದೆ. ಅಪ್ಪನ ಚೀಲದ ಸದ್ದೇ ಬಂತು. ನನಗೆ ಹೆಮ್ಮೆಯಾಯಿತು.

ಮೇಲೆ ಹೋದೆವು. ಗಂಟೆ ಹೊಡೆಯಿತು, ನೂಕಿದೆವು. ಬಗ್ಗಿ ನೋಡಿದೆ. ಕೆಳಗೆ ಗಡ್ಡೆಕಟ್ಟಿದ ಹಿಮದ ಮೇಲೆ ಬೇಳೆಯ ಚೀಲಗಳು ಬಿದ್ದು ಉರುಳಿದವು. ಉಪ್ಪಿನ ಚೀಲ ಬಿದ್ದಲ್ಲಿ ಹಿಡಿ ಹೊಗೆಯಷ್ಟು ಬಿಳಿ ಪುಡಿ ಎದ್ದಿತು. ಮತ್ತೊಂದು. ಮತ್ತೊಂದು. ಬಿಳಿಯ ಮೇಲೆ ಬಿಳಿ ಬಿದ್ದರೆ ಏನು ಕಾಣುತ್ತದೆ? ನನ್ನನ್ನು ಬಿಟ್ಟರೆ ಯಾರಿಗೂ ಕಾಣಲಿಲ್ಲ. ಕೆಳಗಿನವರು ವೈರ್‌ಲೆಸ್ಸಿನಲ್ಲಿ ಉಪ್ಪು ಒಡೆದಿದೆ ಎಂದು ಹೇಳಿದಾಗ, ಬರ್ಫ, ಎಂದರೆ ಹಿಮ, ಗಟ್ಟಿಯಿತ್ತು, ಚೀಲ ಹಳೆಯವಿದ್ದವು ಎಂದು ನಮ್ಮವರು ಬರೆದುಕೊಂಡರು. ನಾನು ಬಾಯಿಗೆ ಹೊಲಿಗೆ ಹಾಕಿಕೊಂಡೆ. ಮಾರನೆಯ ದಿನದಿಂದ ಹವೆ ಕೆಟ್ಟಿತು. ಎಷ್ಟು ದಿನ ವಿಮಾನ ಹೋಗಲಿಲ್ಲ ಎಂಬುದನ್ನು ಲೆಕ್ಕ ಇಡುವ ಧೈರ್ಯ ನನಗಿರಲಿಲ್ಲ. ಆಮೇಲೆ ನಾನು ಒಂದು ಚೀಲವನ್ನೂ ತುಳಿಯಲಿಲ್ಲ. ರಜೆಗೆ ಬಂದಾಗ ಅಪ್ಪ ಮಾರುಕಟ್ಟೆಗೆ ಕರೆದರೆ ಕಾಲುನೋವೆಂದು ಮನೆಯಲ್ಲೇ ಉಳಿಯುತ್ತಿದ್ದೆ.

ವಿಮಾನದ ಸುದ್ದಿ ಬಂದ ವಾರವೇ ರಾಣೇಬೆನ್ನೂರಿನ ಬ್ಯಾಂಕಿಗೆ ಹೋಗಬೇಕಾಯಿತು. ಪಿಂಚಣಿಯವರು ನವೆಂಬರ್ ಬಂತೆಂದರೆ ತಾವು ಬದುಕಿದ್ದೇವೆ ಎಂದು ಬೆರಳು ಒತ್ತಿ ತೋರಿಸಬೇಕು. ಸಾಲಿನಲ್ಲಿ ನನ್ನ ಮುಂದೆ ಬಿಳಿ ಮೀಸೆಯ, ನನಗಿಂತ ನಾಲ್ಕೈದು ವರ್ಷ ಹಿರಿಯರೊಬ್ಬರು ಇದ್ದರು. ಅವರ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಹೊಲದ ಕೆಲಸಕ್ಕೆ ಗೆರೆ ಸವೆದಿತ್ತು. ಕ್ಲಾರ್ಕ್ ಹುಡುಗಿ ಪಕ್ಕದ ಬೆರಳು ಇಡಲು ಹೇಳಿದಳು. ಅವರು ಬಲಗೈ ಎತ್ತಿ ತೋರಿಸಿದರು. ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೇ ನಿಂತಿದ್ದವು.

"ಅವೆರಡೂ ಇನ್ನೂ ಡ್ಯೂಟಿ ಮ್ಯಾಲ ಅದಾವ ನೋಡ್ರಿ ಬಾಯಾರ, ಮ್ಯಾಲ ಬರ್ಫದಾಗ. ಅವಕ್ಕ ಪಿಂಚಣಿ ಆಗಿಲ್ಲ" ಎಂದರು.

ಸಾಲಿನವರೆಲ್ಲ ನಕ್ಕರು. ಎಡಗೈಯಲ್ಲಿ ಕೆಲಸ ಮುಗಿಸಿಕೊಂಡು ಅವರು ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಅದೇ ವಿಮಾನದ ಫೋಟೊ ತೆಗೆದು ಪಕ್ಕದವನಿಗೆ ತೋರಿಸತೊಡಗಿದರು. "ನಾಕ ವರ್ಷ ನಮಗ ಅನ್ನಾ ಹಾಕಿದ್ದು ಇದ. ಇದರ ಸಪ್ಪಳಾ ಕೇಳಿದ್ರ ತವರುಮನಿ ಗಾಡಿ ಬಂಧಾಂಗ ಓಡಿ ಹೊರಗ ಬರ್ತಿದ್ವಿ." ಪಕ್ಕದವನು ಟೋಕನ್ ನಂಬರ್ ನೋಡುತ್ತಿದ್ದ. ನಾನು ನನ್ನ ಸರದಿ ಬಿಟ್ಟು ಹೋಗಿ ಅವರ ಎಡಕ್ಕೆ ಕುಳಿತೆ, ಬಲಗಿವಿ ಅವರ ಕಡೆ ಬರುವ ಹಾಗೆ.

"ಆ ವಿಮಾನದಾಗ ಚೀಲಾ ನೂಕತಿದ್ದೆರಿ ನಾ" ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಬ್ಯಾಂಕಿನಲ್ಲಿ ಎಲ್ಲರೂ ನೋಡುತ್ತಿದ್ದಾರೆ ಎಂಬ ಪರಿವೆಯೂ ಅವರಿಗಿರಲಿಲ್ಲ. "ಎಲ್ಲಿದ್ದೀಯೋ ತಮ್ಮಾ ಇಷ್ಟ ವರ್ಷ?" ಎಂದರು. ಊರು ದೇವರಗುಡ್ಡ ಎಂದರು. ಬ್ಯಾಡಗಿಯಿಂದ ರೈಲಿನಲ್ಲಿ ನನಗೆ ಕೂಗಳತೆ. ಯಾವ ಪೋಸ್ಟು ಎಂದು ಕೇಳಿದೆ. ಹೇಳಿದರು. ಯಾವ ಚಳಿಗಾಲ ಎಂದು ಕೇಳಿದೆ. ಅದನ್ನೂ ಹೇಳಿದರು. ನನ್ನ ಉಪ್ಪು ಒಡೆದ ಪೋಸ್ಟು, ಒಡೆದ ಚಳಿಗಾಲ. ನನ್ನ ಕೈ ಅವರ ಕೈಯಲ್ಲೇ ಇತ್ತು. ಆ ಎರಡು ಮೊಂಡುಬೆರಳು ನನ್ನ ಅಂಗೈಗೆ ಒತ್ತುತ್ತಿದ್ದವು.

ಅಲ್ಲಿಯೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅವರು ಐತಾರ, ಅಂದರೆ ಭಾನುವಾರ, ಮನೆಗೆ ಬಾ ಎಂದರು, ಹೋದೆ.

ಅಣ್ಣಾರ ಎಂದು ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಅನ್ನುತ್ತೇನೆ. ಊರ ಹೊರಗೆ ಗೋವಿನಜೋಳದ ಹೊಲದ ಅಂಚಿಗೆ ಅವರ ಮನೆ. ಅವರ ಹೆಂಡತಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ಊಟದ ನಡುವೆ ಅಣ್ಣಾರು ತಾವಾಗಿಯೇ ಉಪ್ಪಿನ ಕಥೆ ತೆಗೆದರು. ಆ ವರ್ಷ ಉಪ್ಪಿನ ಚೀಲಗಳೆಲ್ಲ ಒಡೆದು ಹಿಮದಲ್ಲಿ ಸೇರಿಹೋದವಂತೆ. ಉಪ್ಪಿಲ್ಲದ ಬೇಳೆ ಎರಡು ದಿನ ಉಂಡರು. ಮೂರನೆಯ ದಿನ ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ. ಆಗ ಇವರಿಗೆ ಒಂದು ಉಪಾಯ ಹೊಳೆಯಿತು. ಚೀಲ ಬಿದ್ದ ಜಾಗದ ಹಿಮವನ್ನೇ ಕೆರೆದು ತಂದು ಕರಗಿಸಿ ಬೇಳೆ ಬೇಯಿಸುವುದು. ಎಲ್ಲಿಯ ಹಿಮದಲ್ಲಿ ಉಪ್ಪಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಕೈಗವಸು ತೆಗೆದು, ಚೂರುಚೂರೇ ಬೆರಳಿಗೆ ಹಚ್ಚಿ ನೆಕ್ಕಿ ನೋಡುತ್ತಾ, ಉಪ್ಪಾದದ್ದನ್ನು ಮಾತ್ರ ಡಬ್ಬಿಗೆ ತುಂಬಬೇಕು. ದಿನಾ ಅದೇ ಕೆಲಸ.

"ಬರ್ಫಕ್ಕ ಎರಡ ಬೆರಳು ಕರ್ರಗಾದ್ವು, ಕೊಯ್ದ ತಗದ್ರು. ಆದ್ರ ಬ್ಯಾಳಿ ಮಾತ್ರ ಏನ ರುಚಿ ಆಗಿತ್ತಂತಿ!" ಎಂದು ನಕ್ಕರು. ಅವರ ಹೆಂಡತಿ, "ಸಾಕ ಬಿಡ್ರಿ, ಊರ ಮಂದಿ ಎಲ್ಲಾ ಕೇಳಿ ಕೇಳಿ ಎದ್ದ ಹೋಗ್ತಾರ" ಎಂದರು. ನನ್ನ ತಟ್ಟೆಯಲ್ಲಿ ಅರ್ಧ ರೊಟ್ಟಿ ಇತ್ತು. ಅದನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ.

ಆಮೇಲೆ ಪ್ರತಿ ಐತಾರ ಹೋದೆ. ಈ ಸಲ ಹೇಳಬೇಕು ಎಂದು ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಿದ್ದೆ, ಮುಂದಿನ ಸಲ ಹೇಳಿದರಾಯಿತು ಎಂದು ದೇವರಗುಡ್ಡದಲ್ಲಿ ವಾಪಸು ಹತ್ತುತ್ತಿದ್ದೆ. ಕಾರಣ ಸಣ್ಣದು, ಆದರೆ ನನಗೆ ದೊಡ್ಡದು. ನಿವೃತ್ತನಾದ ಇಷ್ಟು ವರ್ಷಗಳಲ್ಲಿ ನನ್ನ ಹಾದಿ ಕಾಯುವ ಒಬ್ಬ ಮನುಷ್ಯ ಸಿಕ್ಕಿದ್ದ. ನಾನು ಮೇಲಿಂದ ನೋಡಿದ್ದನ್ನು ಅವರು ಕೆಳಗಿಂದ ನೋಡಿದ್ದರು. ಮೋಡ ಎಂದರೆ ಯಾವ ಮೋಡ, ಗಾಳಿ ಎಂದರೆ ಎಂಥ ಗಾಳಿ ಎಂದು ವಿವರಿಸುವ ಗೊಡವೆಯೇ ಇಲ್ಲ. ವಾರವಿಡೀ ಗೇಟಿನಲ್ಲಿ ಕುಳಿತು ಐತಾರಕ್ಕಾಗಿ ಮಾತು ಕೂಡಿಡುತ್ತಿದ್ದೆ. ಒಂದು ಮಾತು ಹೇಳಿದರೆ ಇಷ್ಟೂ ಹೋಗುತ್ತದೆ. ಯಾವ ಧೈರ್ಯದಿಂದ ಹೇಳಲಿ?

ಚಳಿಗಾಲ ಮುಗಿಯುವ ಹೊತ್ತಿಗೆ ವಿಮಾನದ ಕೊನೆಯ ಹಾರಾಟ ಗೊತ್ತಾಯಿತು. ಟೀವಿಯಲ್ಲಿ ತೋರಿಸುತ್ತಾರೆ, ಕೂಡಿಯೇ ನೋಡೋಣ ಎಂದು ಅಣ್ಣಾರು ಹೇಳಿದ್ದರು. ನಾನು ಗೇಟಿಗೆ ರಜೆ ಹಾಕಿ ಹೋದೆ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದರು. ವಿಮಾನ ಒಂದು ಸುತ್ತು ಹಾರಿ ಇಳಿಯಿತು. ಎರಡೂ ಬದಿಯಿಂದ ನೀರು ಹಾರಿಸಿ ಅದಕ್ಕೆ ಮರ್ಯಾದೆ ಮಾಡಿದರು. ಪಂಖಗಳು ನಿಧಾನವಾಗುತ್ತಾ ಬಂದು ಒಂದೊಂದೇ ಎಲೆ ಎಣಿಸುವ ಹಾಗಾಗಿ ನಿಂತವು. ಆ ಸದ್ದು ನಿಂತದ್ದು ಟೀವಿಯಲ್ಲಿಯೇ ಆದರೂ ನನ್ನ ಕೆಟ್ಟ ಕಿವಿಗೂ ಗೊತ್ತಾಯಿತು. ನನಗೆ ಅಳು ಬಂತು. ಅಣ್ಣಾರು ಮೊಂಡುಬೆರಳಿನಿಂದ ಕಣ್ಣು ಒರೆಸಿಕೊಂಡು, "ಅದರಾಗ ಇದ್ದ ನಿಮ್ಮಂಥಾ ಮಂದಿಯಿಂದ ನಾವ ಉಳದ್ವಿ ತಮ್ಮಾ" ಎಂದರು.

ಅದನ್ನು ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ.

"ಅಣ್ಣಾರ, ಆ ಉಪ್ಪಿನ ಚೀಲಾ ತುಂಬಿದಾಂವ ನಾನ."

"ಯಾವ ಚೀಲಾ?"

"ಆ ವರ್ಷ ಒಡದ್ವಲ್ಲ, ಅವು. ಸಡ್ಲ ಬಿಡಬೇಕಿತ್ತು. ನಾ ಬ್ಯಾಡಗ್ಯಾಗ ಮೆಣಸಿನಕಾಯಿ ತುಳಧಾಂಗ ತುಳದೆ. ನಿಮಗ ಒಂದೀಟ ಹೆಚ್ಚಿಗಿ ಬರ್ಲಿ ಅಂತ ತುಳದೆ. ಒಡದದ್ದು ಮ್ಯಾಲಿಂದ ನೋಡಿದೆ. ಯಾರ ಮುಂದೂ ಬಾಯಿ ಬಿಡ್ಲಿಲ್ಲ."

ಅವರ ಹೆಂಡತಿ ಚಹಾ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಅಣ್ಣಾರು ಟೀವಿ ಬಂದ್ ಮಾಡಿದರು.

"ಆ ಪೋಸ್ಟಿನ್ಯಾಗ ಇದ್ದಾಂವ ನಾನ ಅಂತ ನಿನಗ ಯಾವಾಗ ಗೊತ್ತಾತು?"

"ಬ್ಯಾಂಕಿನ್ಯಾಗ."

"ಅಂದ್ರ, ಇಷ್ಟ ಐತಾರ ಎಲ್ಲಾ ಗೊತ್ತಿದ್ದೂ ನನ್ನ ಮನ್ಯಾಗ ರೊಟ್ಟಿ ತಿಂದಿ."

"ಹೂಂ."

ಹೊಲದಲ್ಲಿ ಯಾರದೋ ಟ್ರ್ಯಾಕ್ಟರ್ ಹೋಯಿತು. ಅವರ ಹೆಂಡತಿ ಚಹಾವನ್ನು ನನ್ನ ಮುಂದೆ ಇಡಲಿಲ್ಲ, ಒಳಗೂ ಒಯ್ಯಲಿಲ್ಲ, ಹಾಗೇ ನಿಂತಿದ್ದರು. ನಾನು ಚಪ್ಪಲಿ ಮೆಟ್ಟಿಕೊಳ್ಳಲು ಎದ್ದೆ.

"ಕುಂದ್ರು" ಎಂದರು. ಕುಳಿತೆ.

"ಮೂವತ್ತ ವರ್ಷ ನಾ ಬರ್ಫಕ್ಕ ಬೈದೇನಿ. ಬರ್ಫಕ್ಕ ಬೈದ್ರ ಅದಕ್ಕೇನೂ ಆಗೂದಿಲ್ಲ, ನನಗೂ ಏನೂ ಆಗೂದಿಲ್ಲ. ಅದಕ್ಕ ನಕ್ಕೊಂತ ಇದ್ದೆ. ಈಗ ನಿನಗ ಬೈಬೇಕಾಗೇತಿ. ಸಿಟ್ಟ ಬಂದೈತಿ ನನಗ, ಸುಳ್ಳ ಹೇಳಂಗಿಲ್ಲ." ಬಲಗೈಯನ್ನು ತೊಡೆಯ ಮೇಲಿಟ್ಟು ನೋಡಿಕೊಂಡರು. "ಬೈದು ಹೊರಗ ಹಾಕಿದ್ರ, ಬರೋ ಐತಾರ ಈ ಮಾತೆಲ್ಲಾ ಯಾರ ಮುಂದ ಆಡ್ಲಿ? ಈ ಊರಾಗ ಯಾರಿಗೆ ತಿಳಿತೈತಿ?"

ಅವರು ಎದ್ದು ನನ್ನ ಚಪ್ಪಲಿಯತ್ತ ಕೈ ತೋರಿಸಿದರು.

"ಈಗ ಹೋಗು. ನಾಳೆ ಒಂದ ದಿನ ನಾ ಕುಂತು ನಿನಗ ಬೈತೇನಿ. ಪೂರಾ ದಿನ ಬೈತೇನಿ. ಫೋನ ಮಾಡಬ್ಯಾಡ. ನಾಡ್ದ ಬಾ."

ಮರುದಿನ ಎಂದಿನ ಹಾಗೆ ಗೇಟಿನಲ್ಲಿ ಕುಳಿತೆ. ಹಂಗಾಮು ಜೋರಾಗಿತ್ತು, ಲಾರಿಗಳ ಸಾಲು ರಸ್ತೆಯವರೆಗೆ ನಿಂತಿತ್ತು. ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ಏನ್ ಮಾಡಾಕತ್ತೀರಿ?"

"ಬೈಸಿಕೊಳ್ಳಾಕತ್ತೇನಿ" ಎಂದೆ.

ಆ ಕಡೆ ಮೊಮ್ಮಗು ಏನನ್ನೋ ಬೀಳಿಸಿತು. ಅವಳು ಅದನ್ನು ಗದರಿಸಿದಳು, "ಆಮ್ಯಾಲ ಮಾಡ್ತೇನ್ರಿ" ಎಂದು ಇಟ್ಟಳು. ಮತ್ತೆ ಮಾಡಲಿಲ್ಲ.

ನಾನು ಕುರ್ಚಿಯನ್ನು ನೆರಳಿಗೆ ಎಳೆದುಕೊಂಡೆ. ಅಲ್ಲಿ ದೇವರಗುಡ್ಡದಲ್ಲಿ ಒಬ್ಬರು ಬೆಳಗಿನಿಂದ ಕುಳಿತು ನನ್ನನ್ನು ಬೈಯುತ್ತಿದ್ದರು. ಒಂದು ಇಡೀ ದಿನ ಯಾರಾದರೂ ನನ್ನ ಬಗ್ಗೆಯೇ ಯೋಚಿಸಿದ್ದು ಅದಕ್ಕೂ ಮುಂಚೆ ಎಂದಾದರೂ ಇತ್ತೇ ಎಂದು ನೆನಪು ಮಾಡಿಕೊಂಡೆ. ಇರಲಿಲ್ಲ.